ನಾರು ಕಟ್ಟದ ಬಾಟಲಿ

ನಮ್ಮ ಶಾಲೆಯ ಪ್ರಯೋಗಶಾಲೆಯಲ್ಲಿ ಎಲ್ಲಕ್ಕಿಂತ ಅಪಾಯಕಾರಿ ವಸ್ತು ಯಾವುದು ಎಂದು ಯಾರಾದರೂ ಆಗ ಕೇಳಿದ್ದರೆ ನಾನು ಸಲ್ಫ್ಯೂರಿಕ್ ಆಸಿಡ್ ಎನ್ನುತ್ತಿರಲಿಲ್ಲ, ಅಟೆಂಡರ್ ಎನ್ನುತ್ತಿದ್ದೆ. ಆಸಿಡ್ ತನ್ನ ಪಾಡಿಗೆ ಗಾಜಿನೊಳಗೆ ಕೂತಿರುತ್ತದೆ, ಮುಚ್ಚಳ ತೆಗೆದ ಮೇಲಷ್ಟೇ ಕೆಲಸ ಶುರು ಮಾಡುತ್ತದೆ. ಈ ಮನುಷ್ಯನಿಗೆ ಮುಚ್ಚಳವೇ ಇರಲಿಲ್ಲ.

ಈಗ ಹಾಗೆ ಅನ್ನುವುದಿಲ್ಲ. ಮೂವತ್ತು ವರ್ಷಕ್ಕೂ ಮೀರಿದ ನೌಕರಿಯ ಕೊನೆಯಲ್ಲಿ ಅವರ ಹೆಸರಿಗೆ ಒಂದು ಮಸಿ ಬಿತ್ತು. ಅದು ಬೀಳಬೇಕಾಗಿದ್ದದ್ದು ನನ್ನ ಹೆಸರಿಗೆ. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಆ ಮಸಿ ಸ್ವಲ್ಪವಾದರೂ ಈ ಕಡೆಗೆ ಸರಿದೀತೇ ಎಂದು ನೋಡುತ್ತಿದ್ದೇನೆ.

ಶಾಲೆ ಇರುವುದು ಕಾಪುವಿನಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ. ಉಪ್ಪುಗಾಳಿಗೆ ಕಿಟಕಿಯ ಸರಳುಗಳೆಲ್ಲ ತುಕ್ಕು ಹಿಡಿದು, ಮಕ್ಕಳು ಒರಗಿದರೆ ಅಂಗಿಯ ಮೇಲೆ ಪಟ್ಟೆ ಮೂಡಿಸುವ ಹೈಸ್ಕೂಲು. ನಾನು ಅಲ್ಲಿ ವಿಜ್ಞಾನದ ಟೀಚರ್. ಕಾರ್ಕಳದ ಮನೆಯಿಂದ ದಿನಾ ಎರಡು ಬಸ್ಸು ಹಿಡಿದು ಬರುವವಳು; ಎಂ.ಎಸ್ಸಿ., ಬಿ.ಎಡ್., ಮತ್ತು ಅವೆರಡರ ಜೊತೆಗೆ ಉಚಿತವಾಗಿ ಬರುವ ಒಂದಿಷ್ಟು ಗರ್ವ. ಅಟೆಂಡರ್ ಓದಿದ್ದು ಏಳನೇ ಕ್ಲಾಸು. ಮಕ್ಕಳು ಅವರನ್ನು ಕರೆಯುತ್ತಿದ್ದದ್ದು 'ಆಸಿಡ್ ಅಜ್ಜ' ಎಂದು. ಹಿಂದಿನಿಂದ ಅಲ್ಲ, ಎದುರಿನಿಂದಲೇ. ಅವರು ಓಗೊಡುತ್ತಿದ್ದರು.

ನಾನು ಸೇರಿದ ಮೊದಲ ದಿನ, ಅಮ್ಮ ಉಡುಪಿಯಿಂದ ತಂದುಕೊಟ್ಟಿದ್ದ ಹೊಸ ನೀಲಿ ಸೀರೆ ಉಟ್ಟು ಲ್ಯಾಬಿನ ಬಾಗಿಲಿಗೆ ಬಂದೆ. ಅವರು ನಮಸ್ಕಾರ ಕೂಡ ಹೇಳಲಿಲ್ಲ. ಸೆರಗನ್ನು ದೂರದಿಂದಲೇ ದಿಟ್ಟಿಸಿ ಕೇಳಿದರು:

"ಟೀಚರೇ, ಈ ಸೀರೆ ಉರಿಯುವ ಜಾತಿಯಾ, ಕರಗುವ ಜಾತಿಯಾ?"

"ಅಂದ್ರೆ?"

"ಹತ್ತಿಯದ್ದಾದರೆ ಉರಿದು ಬೂದಿಯಾಗಿ ಬೀಳುತ್ತದೆ. ಸಿಂಥೆಟಿಕ್ ಆದರೆ ಕರಗಿ ಮೈಗೆ ಅಂಟಿ ಕೂತುಬಿಡುತ್ತದೆ. ಮತ್ತೆ ಬಿಡಿಸಲಿಕ್ಕೆ ಮಣಿಪಾಲಕ್ಕೆ ಹೋಗಬೇಕು ಮಾರಾಯ್ರೆ."

ಅಷ್ಟು ಹೇಳಿ ಮೊಳೆಯಲ್ಲಿ ನೇತುಹಾಕಿದ್ದ ಒಂದು ದಪ್ಪ ಬಿಳಿ ಕೋಟು ತೆಗೆದು ನನ್ನ ಕೈಗಿತ್ತರು. ಅದು ನನ್ನ ಮೊಣಕಾಲು ದಾಟುತ್ತಿತ್ತು, ತೋಳು ಬೆರಳ ತುದಿ ನುಂಗುತ್ತಿತ್ತು. ಆ ಸೀರೆಯ ಬಗ್ಗೆ ಇಡೀ ಕಾಪುವಿನಲ್ಲಿ ನನಗೆ ಸಿಕ್ಕ ಅಭಿಪ್ರಾಯ ಇದೊಂದೇ.

ಬಾಗಿಲ ಚೌಕಟ್ಟಿಗೆ ಅವರು ಸಾಲಾಗಿ ಇನ್ನಷ್ಟು ಮೊಳೆ ಹೊಡೆದಿದ್ದರು. ಅದು ಕೋಟಿಗಲ್ಲ, ಮಲ್ಲಿಗೆಗೆ. ಹೆಣ್ಣುಮಕ್ಕಳು ತಲೆಯಲ್ಲಿ ಮುಡಿದ ಮಲ್ಲಿಗೆಯನ್ನು ಅಲ್ಲಿ ತೂಗುಹಾಕಿ, ಜಡೆ ಬಿಗಿದು ಕಟ್ಟಿ ಒಳಗೆ ಬರಬೇಕು. ಬರ್ನರಿನ ಮೇಲೆ ಬಾಗುವಾಗ ಜೋತಾಡುವಂಥದ್ದು ಏನೂ ಇರಬಾರದು. ಪ್ರಾಕ್ಟಿಕಲ್ ಇರುವ ದಿನ ನಮ್ಮ ಲ್ಯಾಬಿನ ಬಾಗಿಲು ಮದುಮಗಳ ಕಾರಿನ ಹಾಗೆ ಕಾಣುತ್ತಿತ್ತು. ಹೊರಗಿನವರು ಇಣುಕಿ, "ಇಲ್ಲಿ ಎಂತ ಕಾರ್ಯಕ್ರಮ?" ಎಂದು ಕೇಳಿದ್ದೂ ಉಂಟು.

ಒಮ್ಮೆ ಹೆಡ್‌ಮಾಸ್ಟರು ಮೇಲಧಿಕಾರಿಯೊಬ್ಬರನ್ನು ಕರೆದುಕೊಂಡು ಲ್ಯಾಬ್ ತೋರಿಸಲು ಬಂದರು. ಇಬ್ಬರ ಕೈಯಲ್ಲೂ ಚಹಾದ ಲೋಟ, ಅಧಿಕಾರಿಯ ಇನ್ನೊಂದು ಕೈಯಲ್ಲಿ ಅರ್ಧ ತಿಂದ ಬನ್ಸ್. ನಮ್ಮ ಅಟೆಂಡರ್ ಬಾಗಿಲಿಗೆ ಅಡ್ಡ ನಿಂತರು.

"ಸಾರ್, ಚಾ ಒಳಗೆ ಬರುವ ಹಾಗಿಲ್ಲ."

"ಇವರು ಯಾರು ಗೊತ್ತುಂಟಾ ನಿಮಗೆ?" ಎಂದರು ಹೆಡ್‌ಮಾಸ್ಟರು.

"ಅವರು ಬರಬಹುದು ಸಾರ್. ಚಾಕ್ಕೆ ಮಾತ್ರ ಇಲ್ಲ."

ಅಧಿಕಾರಿ ಹೊರಗಿಂದಲೇ ಲ್ಯಾಬ್ ನೋಡಿ ಹೋದರು. ಬನ್ಸ್ ಬಿಡಲು ಅವರಿಗೆ ಮನಸ್ಸು ಬರಲಿಲ್ಲ ಎಂದು ತೋರುತ್ತದೆ. ವರದಿಯಲ್ಲಿ ನಮ್ಮ ಪ್ರಯೋಗಶಾಲೆಗೆ 'ಸಾಧಾರಣ' ಎಂದು ಬಂತು. ಹೆಡ್‌ಮಾಸ್ಟರು ಆ ಒಂದು ಪದವನ್ನು ಅಟೆಂಡರಿಗೆ ಮೂರು ಸಲ ಓದಿ ಹೇಳಿದರು.

ಇನ್ನು ಅವರ ನಾಲ್ಕು ಕೆಂಪು ಬಕೆಟು. ಲ್ಯಾಬಿನ ಮೂಲೆಯಲ್ಲಿ ಸದಾ ತುಂಬಿ, ಮುಚ್ಚಿ, ಪಕ್ಕದಲ್ಲೊಂದು ಮಗ್ ಇಟ್ಟಿರುತ್ತಿದ್ದರು. ಸಮುದ್ರ ಹತ್ತಿರವಾದ್ದರಿಂದ ಬೇಸಗೆಯಲ್ಲಿ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಕರೆಂಟು ಹೋದರೆ ನಲ್ಲಿಯಲ್ಲಿ ಗಾಳಿ ಬರುತ್ತದೆ. ಆಗ ಇಡೀ ಸ್ಟಾಫ್ ರೂಮಿನ ಕಣ್ಣು ಆ ಬಕೆಟುಗಳ ಮೇಲೆ. ಊಟ ಮಾಡಿ ಕೈಯೆತ್ತಿಕೊಂಡು ಬಂದ ನನಗೂ ಅವರು ಒಂದು ಮಗ್ ಕೊಡಲಿಲ್ಲ.

"ಮತ್ತೆ ಈ ನೀರು ಇರುವುದಾದರೂ ಎಂತಕ್ಕೆ?" ಎಂದು ನಾನು ಸಿಟ್ಟಿನಲ್ಲೇ ಕೇಳಿದೆ.

"ಕುಡಿಯಲಿಕ್ಕಲ್ಲ, ತೊಳೆಯಲಿಕ್ಕಲ್ಲ. ಇದು ಇರಲಿಕ್ಕೆ ಇರುವ ನೀರು ಟೀಚರ್."

ಸಾರು ಅಂಟಿದ ಬೆರಳುಗಳೊಂದಿಗೆ ನಾನು ಆ ದಿನ ಎಂಟನೇ ಕ್ಲಾಸಿಗೆ 'ನೀರಿನ ಮಹತ್ವ' ಪಾಠ ಮಾಡಿದೆ.

ಅಣ್ಣನ ಮದುವೆಗೆ ಇಡೀ ಶಾಲೆಯನ್ನು ಕರೆದಿದ್ದೆವು. ಅವರೂ ಕಾರ್ಕಳಕ್ಕೆ ಬಂದರು. ನಮಗೆ ಸ್ವಲ್ಪ ರಬ್ಬರ್ ತೋಟವಿದೆ. ರಬ್ಬರ್ ಹಾಲನ್ನು ಗಟ್ಟಿ ಮಾಡಲು ಬಳಸುವ ಆಸಿಡನ್ನು ಅಪ್ಪ ಹಳೆಯ ಶರಬತ್ತಿನ ಬಾಟಲಿಯಲ್ಲಿ ಹಾಕಿ ಬಚ್ಚಲಿನ ಅಟ್ಟದ ಮೇಲೆ ಇಡುತ್ತಿದ್ದರು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಹೀಗೇ. ಕೈ ತೊಳೆಯಲು ಹೋದ ಇವರ ಕಣ್ಣಿಗೆ ಅದು ಬಿತ್ತು. ಊಟದ ಪಂಕ್ತಿಯ ನಡುವೆ ಆ ಬಾಟಲಿಯನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಮೆಲ್ಲಗೆ ನಡೆದು ಬಂದು, ಹೋಳಿಗೆ ಬಡಿಸುತ್ತಿದ್ದ ಅಪ್ಪನ ಮುಂದೆ ನಿಂತರು.

"ಇದರಲ್ಲಿ ಎಂತ ಉಂಟು?"

"ಅದು ರಬ್ಬರಿನ ಆಸಿಡ್ ಮಾರಾಯ್ರೆ, ನೀವು ಅದನ್ನು ಯಾಕೆ ಇಲ್ಲಿಗೆ ತಂದದ್ದು?"

"ನಾನು ತಂದದ್ದಲ್ಲ. ಇವತ್ತು ನಿಮ್ಮ ಮನೆಯಲ್ಲಿ ಓಡಾಡುವ ಮಕ್ಕಳು ಎಷ್ಟು ಮಂದಿ? ಅದರಲ್ಲಿ ಶರಬತ್ತು ಗೊತ್ತಿಲ್ಲದವರು ಎಷ್ಟು ಮಂದಿ?"

ಮದುವೆಯ ಕರೆಯೋಲೆಯ ಹಿಂಬದಿಯನ್ನು ಹರಿದು, ದಪ್ಪ ಅಕ್ಷರದಲ್ಲಿ 'ಆಸಿಡ್, ಕುಡಿಯಬಾರದು' ಎಂದು ಬರೆದು, ಎಲೆಯ ಮೇಲಿನ ಅನ್ನವನ್ನೇ ಹಿಸುಕಿ ಅಂಟಿಸಿ, ದೀಪದ ಹತ್ತಿರವಿದ್ದ ಮೇಣದಬತ್ತಿಯನ್ನು ಅದರ ಮೇಲೆ ತಿಕ್ಕಿದರು. ಮೇಣ ಇದ್ದರೆ ನೀರು ತಾಗಿದರೂ ಅಕ್ಷರ ಅಳಿಯುವುದಿಲ್ಲವಂತೆ. ಅಮ್ಮ ಇವತ್ತಿಗೂ ಅವರನ್ನು ನೆನೆಯುವುದು "ಊಟಕ್ಕೆ ಕರೆದರೆ ಬಚ್ಚಲು ನೋಡಿ ಹೋದ ಜನ" ಎಂದು. ನಾನು ನಾಚಿಕೆಯಿಂದ ಒಂದು ವಾರ ಅವರೊಡನೆ ಮಾತಾಡಲಿಲ್ಲ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಲ್ಯಾಬಿನ ಪ್ರತಿ ಬಾಟಲಿಗೂ ಅವರದೇ ಲೇಬಲ್ಲು ಇತ್ತು. ದುಂಡು ಕನ್ನಡ ಅಕ್ಷರ, ಅದರ ಮೇಲೆ ಮೇಣ. ಮೇಣ ಹಳದಿಯಾಗಿ, ಧೂಳು ಹಿಡಿದು, ಬಾಟಲಿಗಳೆಲ್ಲ ಕಜ್ಜಿ ಎದ್ದ ಹಾಗೆ ಕಾಣುತ್ತಿದ್ದವು. ಅವರಿಗಂತೂ ಲೇಬಲ್ಲು ಬೇಕಾಗಿಯೇ ಇರಲಿಲ್ಲ. ಕಣ್ಣು ಮುಚ್ಚಿ ಬಾಟಲಿ ಎತ್ತಿ ಹೆಸರು ಹೇಳುತ್ತಿದ್ದರು. ಒಮ್ಮೆ ಹೆಡ್‌ಮಾಸ್ಟರು ತಮಾಷೆಗೆ ತಮ್ಮ ಬುತ್ತಿಯನ್ನು ಅವರ ಕೈಗೆ ಕೊಟ್ಟರೆ, "ನೀರ್‌ದೋಸೆ ಸಾರ್. ಇವತ್ತು ಮನೆಯವರು ಮೂರೇ ಹಾಕಿದ್ದಾರೆ" ಎಂದರು. ಹೆಡ್‌ಮಾಸ್ಟರು ತೆರೆದು ನೋಡಿದರು. ಮೂರೇ ಇತ್ತು. ಅವರ ಮುಖ ಸಂಜೆಯವರೆಗೂ ಸರಿಯಾಗಲಿಲ್ಲ.

ಗಟ್ಟಿ ಸಲ್ಫ್ಯೂರಿಕ್ ಆಸಿಡ್ ಬಣ್ಣವಿಲ್ಲದ, ವಾಸನೆಯಿಲ್ಲದ ದ್ರವ. ನೀರಿನ ಹೆಚ್ಚುಕಡಿಮೆ ಎರಡರಷ್ಟು ಭಾರ. ಇದನ್ನು ನಾನು ಸಾಂದ್ರತೆ, ಸೂತ್ರ ಎಂದೆಲ್ಲ ಬೋರ್ಡು ತುಂಬಾ ಬರೆದು ಪಾಠ ಮಾಡುತ್ತಿದ್ದೆ. ಅವರು ಆ ಬಾಟಲಿಯನ್ನು ನೆಲಕ್ಕೆ ಹತ್ತಿರವಿರುವ ಹಲಗೆಯಲ್ಲಿ, ಮರಳು ಹಾಕಿದ ತಟ್ಟೆಯೊಳಗೆ ಇಡುತ್ತಾ ಮಕ್ಕಳಿಗೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ನೋಡಲಿಕ್ಕೆ ಇದು ನೀರು. ಎತ್ತಿದರೆ ಎರಡು ನೀರು."

ಅವರಿಗೆ ಇನ್ನೊಂದು ನಿಯಮವಿತ್ತು. ನಾನೂ ಅವರೂ ತುಳುವರೇ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ತುಳುವಿನಲ್ಲೇ ಮಾತು. ಲ್ಯಾಬಿನ ಹೊಸ್ತಿಲು ದಾಟಿದರೆ ಮಾತ್ರ ಕನ್ನಡ ಬಿಟ್ಟು ಬೇರೆ ಇಲ್ಲ. "ಒಳಗೆ ತುಳುವಿನ ಮಕ್ಕಳು ಉಂಟು, ಕೊಂಕಣಿಯವರು ಉಂಟು, ಬ್ಯಾರಿ ಮಕ್ಕಳು ಉಂಟು, ಘಟ್ಟದ ಮೇಲಿನವರು ಉಂಟು. 'ಬಿಡು' ಎಂದು ಹೇಳಿದ ಕೂಡಲೇ ಎಲ್ಲರೂ ಒಟ್ಟಿಗೆ ಬಿಡಬೇಕು" ಎನ್ನುತ್ತಿದ್ದರು.

ಹೀಗೆ ನಗುತ್ತಲೇ ನಾನು ಆ ದಸರಾದವರೆಗೆ ಬಂದೆ.

ದಸರಾ ರಜೆ ಸಿಗುವ ಮುನ್ನಾದಿನ ನಮ್ಮಲ್ಲಿ ಆಯುಧಪೂಜೆ. ಆಫೀಸಿನ ಕಂಪ್ಯೂಟರು, ಶಾಲೆಯ ವ್ಯಾನು, ಆಟದ ಸಾಮಾನು, ಎಲ್ಲದಕ್ಕೂ ಹೂವು, ಕುಂಕುಮ, ಆರತಿ. ಲ್ಯಾಬಿಗೆ ಮಾತ್ರ ಅವರು ಆರತಿಯನ್ನು ಬಿಡುತ್ತಿರಲಿಲ್ಲ. ಒಂದು ತಕ್ಕಡಿ, ಒಂದು ಖಾಲಿ ಬೀಕರು ಹೊರಗೆ ಜಗಲಿಗೆ ತಂದಿಟ್ಟು, "ದೇವರಿಗೆ ಇಲ್ಲಿಂದಲೂ ಕಾಣುತ್ತದೆ" ಎನ್ನುತ್ತಿದ್ದರು. ಒಳಗೆ ಸ್ಪಿರಿಟ್ ಇರುವಾಗ ಕರ್ಪೂರ ಹಚ್ಚುವುದೆಂದರೆ ಪೂಜೆಯಲ್ಲ, ಶ್ರಾದ್ಧ ಎಂಬುದು ಅವರ ವಾದ.

ಆ ವರ್ಷ ಅವರು ರಜೆಯಲ್ಲಿದ್ದರು. ಹೆಂಡತಿಗೆ ಕಣ್ಣಿನ ಪೊರೆಯ ಆಪರೇಷನ್, ಮಣಿಪಾಲದಲ್ಲಿ. ಲ್ಯಾಬಿನ ಬೀಗದಕೈಯನ್ನು ನನ್ನ ಕೈಯಲ್ಲಿಟ್ಟು ಹೋದರು. ನಾನು ಆ ಬೀಗದಕೈಯನ್ನು ಸ್ವಾತಂತ್ರ್ಯ ಎಂದು ತಿಳಿದೆ.

ಲ್ಯಾಬನ್ನು ಹೊಸದು ಮಾಡಿಬಿಡೋಣ, ಪೂಜೆ ಈ ಸಲ ಒಳಗೇ ಆಗಲಿ, ಕರ್ಪೂರದ ಬದಲು ಎಣ್ಣೆಯ ದೀಪ ಇಡೋಣ, ಒಂದು ಒಳ್ಳೆಯ ಫೋಟೋ ತೆಗೆಯೋಣ ಎಂದು ಹೊರಟೆ. ಹಿಂದಿನ ದಿನವೇ ಕಂಪ್ಯೂಟರಿನಲ್ಲಿ ಇಂಗ್ಲಿಷಿನ ಬಣ್ಣದ ಲೇಬಲ್ಲುಗಳನ್ನು ಮುದ್ರಿಸಿ ತಂದೆ. ಹತ್ತನೇ ಕ್ಲಾಸಿನ ಹನ್ನೆರಡು ಹುಡುಗಿಯರು, ಹಬ್ಬದ ಲಂಗ, ತಲೆ ತುಂಬ ಮಲ್ಲಿಗೆ. ಒಬ್ಬೊಬ್ಬಳಿಗೂ ಎರಡೆರಡು ಬಾಟಲಿ ಕೊಟ್ಟು ಜಗಲಿಯ ನಲ್ಲಿಗೆ ಕಳಿಸಿದೆ. ಬಿಸಿನೀರು, ಸೋಪು, ತೆಂಗಿನ ನಾರು. ಮೂವತ್ತು ವರ್ಷದ ಮೇಣ ಅರ್ಧ ಗಂಟೆಯಲ್ಲಿ ಹೋಯಿತು. ಸೋಪು ಹಚ್ಚಿದ ಕೈಗಳಲ್ಲಿ ಆಸಿಡಿನ ಬಾಟಲಿ ಹಿಡಿದು ಜಾರುವ ಜಗಲಿಯ ಮೇಲೆ ಆ ಮಕ್ಕಳು ನಗುತ್ತಾ ನಡೆದು ಬಂದದ್ದು ನನಗೆ ಈಗಲೂ ಬಸ್ಸಿನಲ್ಲಿ ಕೂತಾಗ ಕಾಣುತ್ತದೆ. ಆ ದಿನ ಏನೂ ಆಗಲಿಲ್ಲ. ಆಗದೆ ಹೋದದ್ದಕ್ಕೆ ನಾನು ಮಾಡಿದ್ದು ಏನೂ ಇಲ್ಲ.

ತೊಳೆದ ಬಾಟಲಿಗಳನ್ನು ತೆಗೆದ ಕ್ರಮದಲ್ಲೇ ಮೇಜಿನ ಮೇಲೆ ಇಡಿಸಿದ್ದೆ. ಆಗ ಡ್ರಿಲ್ ಮಾಸ್ಟರು ಫೋಟೋ ತೆಗೆಯಲು ಬಂದರು.

"ಎಂತ ಟೀಚರ್ ಇದು? ಗಿಡ್ಡದ ಹಿಂದೆ ಉದ್ದ, ಉದ್ದದ ಹಿಂದೆ ಗಿಡ್ಡ. ಅಸೆಂಬ್ಲಿಯಲ್ಲಿ ಹೀಗೆ ನಿಲ್ಲಿಸಿದರೆ ನಮಗೆ ಮರ್ಯಾದೆ ಉಂಟಾ?"

ಅಷ್ಟೇ. ಬೆಳಗ್ಗಿನ ಪ್ರಾರ್ಥನೆಗೆ ಮಕ್ಕಳನ್ನು ನಿಲ್ಲಿಸುವ ಹಾಗೆ ಬಾಟಲಿಗಳನ್ನು ಎತ್ತರಕ್ಕೆ ಸರಿಯಾಗಿ ನಿಲ್ಲಿಸಿಬಿಟ್ಟರು. ನಾನು ನಕ್ಕೆ. ಬಣ್ಣದ ದ್ರವಗಳನ್ನು ನೋಡಿ ಗುರುತಿಸಿದೆ, ವಾಸನೆಯವನ್ನು ವಾಸನೆಯಿಂದ ಗುರುತಿಸಿದೆ. ಉಳಿದವಕ್ಕೆ ನೆನಪಿನಿಂದ ಲೇಬಲ್ಲು ಅಂಟಿಸುತ್ತಾ ಹೋದೆ. ಒಂದನ್ನೂ ಎತ್ತಿ ನೋಡಲಿಲ್ಲ. ಎಂ.ಎಸ್ಸಿ. ಮಾಡಿದವರು ಎತ್ತಿ ನೋಡುತ್ತಾರೆಯೇ? ಫೋಟೋ ಚೆನ್ನಾಗಿ ಬಂತು.

ರಜೆ ಮುಗಿಸಿ ಬಂದ ಅಟೆಂಡರ್ ಬಾಗಿಲಲ್ಲೇ ನಿಂತರು. ಬಾಡಿದ ಚೆಂಡುಹೂವಿನ ಮಾಲೆ, ಸಾಲಾಗಿ ಹೊಳೆಯುವ ಬಾಟಲಿಗಳು. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ.

"ಎರಡು ದಿನ ಲ್ಯಾಬ್ ಮುಚ್ಚಿ ಕೊಡಿ ಟೀಚರ್. ಒಂದೊಂದೇ ಎತ್ತಿ ನೋಡಬೇಕು."

"ಪೋರ್ಶನ್ ಮುಗಿಸಲಿಕ್ಕೆ ಉಂಟು. ಲೇಬಲ್ಲು ಹಾಕಿದ್ದೇನಲ್ಲ?"

"ಲೇಬಲ್ಲು ಹೌದು. ಒಳಗೆ ಇರುವುದು..."

"ಯಾಕೆ, ಇಂಗ್ಲಿಷ್ ಓದಲಿಕ್ಕೆ ಬರುವುದಿಲ್ಲವಾ ನಿಮಗೆ?"

ಈ ಮಾತನ್ನು ನಾನು ಹುಡುಗಿಯರ ಮುಂದೆ ಆಡಿದೆ. ಒಂದಿಬ್ಬರು ನಕ್ಕರು. ಅವರು ಒಂದು ಬಾಟಲಿಯನ್ನು ಎತ್ತಿ, ಇಳಿಸಿ, ಬಾಡಿದ ಮಾಲೆಯನ್ನು ಬಿಚ್ಚತೊಡಗಿದರು.

ಮರುದಿನದಿಂದ ಊಟದ ಬಿಡುವಿನಲ್ಲಿ ಒಬ್ಬರೇ ಕೂತು ನೋಡತೊಡಗಿದರು. ಎತ್ತಿ, ತೂಗಿ, ಒಂದು ಹನಿ ತೆಗೆದು ಪರೀಕ್ಷಿಸಿ, ಖಾತ್ರಿಯಾದ ಬಾಟಲಿಯ ಕುತ್ತಿಗೆಗೆ ಒಂದು ತುಂಡು ಬಾಳೆನಾರು ಕಟ್ಟುತ್ತಿದ್ದರು. ನಮ್ಮೂರಲ್ಲಿ ಮಲ್ಲಿಗೆ ಕಟ್ಟುವುದು ಆ ನಾರಿನಿಂದಲೇ. ಬಾಗಿಲ ಮೊಳೆಯ ಕೆಳಗೆ ಬಿದ್ದಿರುತ್ತಿದ್ದದ್ದನ್ನು ಹೆಕ್ಕಿಟ್ಟುಕೊಂಡಿದ್ದರು. ಎರಡು ಗಂಟು, ಬಿಗಿಯಾಗಿ.

"ನಾರು ಕಟ್ಟಿದ್ದನ್ನು ಮಾತ್ರ ಮುಟ್ಟಿ ಟೀಚರ್. ಉಳಿದದ್ದಕ್ಕೆ ಸ್ವಲ್ಪ ದಿನ ಬೇಕು."

"ಎಲ್ಲದಕ್ಕೂ ಉಪನಯನ ಮಾಡಿಸಿಬಿಟ್ಟಿರಿ ಅಲ್ವಾ?" ಎಂದೆ.

ಅರ್ಧ ಹಲಗೆಗೆ ನಾರು ಕಟ್ಟಿ ಮುಗಿದಿತ್ತು. ಉಳಿದರ್ಧದಿಂದ ನಾನು ಒಂದು ಬಾಟಲಿ ತೆಗೆದೆ.

ಆ ಪೀರಿಯಡ್ಡು ನನಗೆ ಕಂಠಪಾಠ. ಮೇಜಿನ ಮೇಲೆ ಬೀಕರಿನಲ್ಲಿ ಕಾಸ್ಟಿಕ್ ಸೋಡಾದ ದ್ರಾವಣ. ಅದಕ್ಕೆ ಸ್ವಲ್ಪ ನೀರು ಸೇರಿಸಿ ತೆಳ್ಳಗೆ ಮಾಡಬೇಕು. ಮುಂದಿನ ಬೆಂಚಿನ ರೇಣುಕಾ ತಾನು ಮಾಡುತ್ತೇನೆಂದು ಎದ್ದು ಬಂದಳು. ಅವಳ ಅಪ್ಪ ಬಾಗಲಕೋಟೆ ಕಡೆಯಿಂದ ಬಂದು ಇಲ್ಲಿ ಗಾರೆ ಕೆಲಸ ಮಾಡುವವರು. ಯಾವ ಪ್ರಶ್ನೆಗೂ ಮೊದಲು ಕೈ ಎತ್ತುವ ಹುಡುಗಿ. ಮೊಳೆಯಲ್ಲಿದ್ದ ರಕ್ಷಣಾ ಕನ್ನಡಕಕ್ಕೆ ಅವಳು ಕೈ ಚಾಚಿದಳು. ನಾನೇ ಹೇಳಿದೆ: "ಬರೀ ನೀರು ಹಾಕಲಿಕ್ಕೆ ಕನ್ನಡಕ ಯಾಕೆ? ಬೇಗ ಬಾ."

ನಾನು ಮೇಜಿಗೆ ಎಳೆದು ಇಟ್ಟಿದ್ದ ಬಾಟಲಿಯ ಮೇಲೆ 'ಡಿಸ್ಟಿಲ್ಡ್ ವಾಟರ್' ಎಂದು ನೀಲಿ ಅಕ್ಷರದಲ್ಲಿತ್ತು. ಅದರ ಕುತ್ತಿಗೆ ಬೋಳಾಗಿತ್ತು.

ಅವರು ಊಟದ ಬಿಡುವು ಮುಗಿದರೂ ಏಳದೆ, ಕೋಣೆಯ ಆ ತುದಿಯಲ್ಲಿ, ಹಲಗೆಯ ಮುಂದೆ ಕುಕ್ಕುರುಗಾಲಲ್ಲಿ ಕೂತು ನಾರು ಬಿಗಿಯುತ್ತಿದ್ದರು. ರೇಣುಕಾ ಒಂದು ಕೈಯಲ್ಲಿ ಬಾಟಲಿ ಎತ್ತಿದಳು. ಅವಳ ಮಣಿಕಟ್ಟು ಕೆಳಗೆ ಬಾಗಿತು. ಇನ್ನೊಂದು ಕೈ ಕೊಟ್ಟಳು. ನೀರಿಗೆ ಎರಡು ಕೈ ಯಾಕೆ ಬೇಕು? ಮೇಜಿನ ಪಕ್ಕದಲ್ಲೇ ಇದ್ದ ನನಗೆ ಆ ಪ್ರಶ್ನೆ ಬರಲಿಲ್ಲ. ಅಷ್ಟು ದೂರದಿಂದ ಅವರಿಗೆ ಬಂತು.

"ಬಿಡು!"

ಲ್ಯಾಬಿನಲ್ಲಿ ಓಡಬಾರದೆಂದು ಮೂವತ್ತು ವರ್ಷ ಹೇಳಿದ ಮನುಷ್ಯ ಓಡಿದರು. ಅಷ್ಟರಲ್ಲಿ ದ್ರವ ಬೀಕರಿಗೆ ಬಿದ್ದಿತ್ತು. ಕಾದ ಬಾಣಲೆಗೆ ನೀರು ಬಿದ್ದ ಹಾಗೆ ಅದು ಸಿಡಿದು ಮೇಲೆದ್ದಿತು. ಅವಳ ಮುಖಕ್ಕೂ ಬೀಕರಿಗೂ ನಡುವೆ ಅವರ ತೋಳು ಬಂದಿತ್ತು. ಮುಕ್ಕಾಲು ಪಾಲು ತೋಳಿಗೆ ಬಿತ್ತು. ಉಳಿದದ್ದು ಅವಳ ಎಡಗೆನ್ನೆಗೆ, ಎಡಗಣ್ಣಿಗೆ.

ನಾನು ನಲ್ಲಿ ತಿರುಗಿಸಿದೆ. ಗಾಳಿ ಬಂತು.

"ಬಕೆಟು," ಎಂದರು. ಕೂಗಿ ಹೇಳಲಿಲ್ಲ. ಅವಳನ್ನು ನೆಲದಲ್ಲಿ ಮಲಗಿಸಿ, ತಲೆಯನ್ನು ಎಡಕ್ಕೆ ವಾಲಿಸಿ, ರೆಪ್ಪೆಯನ್ನು ಎರಡು ಬೆರಳಿನಲ್ಲಿ ಅಗಲಿಸಿ ಹಿಡಿದರು. "ನೀವು ಹೊಯ್ಯಿರಿ ಟೀಚರ್. ಮೆಲ್ಲಗೆ, ನಿಲ್ಲಿಸಬೇಡಿ. ನಾನು ಸೆಕೆಂಡು ಎಣಿಸುತ್ತೇನೆ. ಹನ್ನೆರಡು ನೂರು ಆಗಬೇಕು."

ಎಣಿಸತೊಡಗಿದರು. ತುಳುವಿನಲ್ಲಿ. ಒಂಜಿ, ರಡ್ಡ್, ಮೂಜಿ, ನಾಲ್. ಲ್ಯಾಬಿನೊಳಗೆ ಅವರ ಬಾಯಲ್ಲಿ ತುಳು ಕೇಳಿದ್ದು ಅದೇ ಮೊದಲು. ನೂರಾದಾಗ "ನೂದು" ಎಂದು ಮತ್ತೆ ಒಂಜಿಯಿಂದ. ರೇಣುಕಾ ಮೊದಲು ಕಿರುಚಿದಳು, ಆಮೇಲೆ ನರಳಿದಳು, ಆಮೇಲೆ ಅವರ ದನಿಯನ್ನೇ ಹಿಡಿದುಕೊಂಡ ಹಾಗೆ ಸುಮ್ಮನಾದಳು. ಹೆಡ್‌ಮಾಸ್ಟರು ಓಡಿ ಬಂದರು.

"ಆಟೋ ಬಂದಿದೆ, ಮೊದಲು ಆಸ್ಪತ್ರೆಗೆ ಎತ್ತಿ. ಎಂತ ಆಟ ಇದು?"

"ಆಟೋ ಕಾಯಲಿ ಸಾರ್. ಕಣ್ಣು ಕಾಯುವುದಿಲ್ಲ," ಎಂದು ಹೇಳಿ, ಬಿಟ್ಟಲ್ಲಿಂದಲೇ ಮುಂದುವರಿಸಿದರು.

ಎಲ್ಲರೂ ಕಣ್ಣಿಟ್ಟಿದ್ದ, ಯಾರಿಗೂ ಕೊಡದಿದ್ದ ಆ ನಾಲ್ಕು ಬಕೆಟು ನೀರನ್ನು ನಾನು ಮಗ್‌ನಲ್ಲಿ ಮೊಗೆದು ಹೊಯ್ದೆ. ಅದು ಮುಗಿಯುವಷ್ಟರಲ್ಲಿ ಮಕ್ಕಳು ಬಿಸಿಯೂಟದ ಅಡುಗೆಮನೆಯಿಂದ ಇನ್ನಷ್ಟು ಹೊತ್ತು ತಂದರು. ಹನ್ನೆರಡನೆಯ "ನೂದು" ಮುಗಿದ ಮೇಲೆ ಅವರು ರೆಪ್ಪೆ ಬಿಟ್ಟರು. ಆಗ ನೋಡಿದೆ. ಮೊಣಕೈಯಿಂದ ಕೆಳಗೆ ಅವರ ಬಲತೋಳಿನ ಚರ್ಮ ಬಿಳಿಚಿ ಸುಕ್ಕಾಗಿ ಜೋತುಬಿದ್ದಿತ್ತು. ಅದಕ್ಕೆ ಒಂದು ಮಗ್ ನೀರನ್ನೂ ಅವರು ಕೇಳಿರಲಿಲ್ಲ. ನಾನೂ ಹೊಯ್ದಿರಲಿಲ್ಲ.

ಮಣಿಪಾಲದಲ್ಲಿ ಡಾಕ್ಟರು ಕೇಳಿದ ಮೊದಲ ಪ್ರಶ್ನೆ, ಎಷ್ಟು ಹೊತ್ತು ನೀರು ಹಾಕಿದಿರಿ ಎಂದು. ಇಪ್ಪತ್ತು ನಿಮಿಷ ಎಂದೆ. ಅವರು ತಲೆಯೆತ್ತಿ ನೋಡಿ, "ಹಾಗಾದರೆ ಕಣ್ಣು ಉಳಿಯುತ್ತದೆ" ಎಂದರು. ಕಣ್ಣು ಉಳಿಯಿತು. ಕೆನ್ನೆಯ ಮೇಲೆ ಒಂದು ಕಲೆ ಉಳಿದಿದೆ.

ರೇಣುಕಾಳ ಅಪ್ಪ ಕೆಲಸದ ಬಟ್ಟೆಯಲ್ಲೇ ಓಡಿ ಬಂದಿದ್ದರು. "ನೀರ ಹಾಕಿದವ್ರು ಯಾರ್ರೀ ಅಕ್ಕಾರ? ಡಾಕ್ಟ್ರು ಹೇಳಾಕತ್ತಿದ್ರು, ಅವರಿಂದ ನನ್ನ ಮಗಳ ಕಣ್ಣ ಉಳಿತಂತ." ಕೈಗೆ ಪಟ್ಟಿ ಸುತ್ತಿಸಿಕೊಂಡು ಬೆಂಚಿನಲ್ಲಿ ಕೂತಿದ್ದವರನ್ನು ತೋರಿಸಿದೆ. ಆತ ಹೋಗಿ ಕಾಲು ಮುಟ್ಟಲು ಬಾಗಿದರೆ ಇವರು ಕಾಲು ಹಿಂದಕ್ಕೆಳೆದುಕೊಂಡು ಆತನ ಅಂಗೈ ನೋಡಿದರು.

"ಸಿಮೆಂಟು ಬರಿಗೈಯಲ್ಲಿ ಕಲಸುವುದಾ ನೀವು? ಅದೂ ಸುಡುತ್ತದೆ ಮಾರಾಯ್ರೆ, ಮೆಲ್ಲ ಮೆಲ್ಲಗೆ. ಗ್ಲೌಸು ಹಾಕಿ. ಮೊದಲು ಹೋಗಿ ಕೈ ತೊಳೆದು ಬನ್ನಿ, ಮತ್ತೆ ಮಗಳನ್ನು ಮುಟ್ಟಿ."

ಆ ತಂದೆ ಅಳುತ್ತಾ ಕೈ ತೊಳೆಯಲು ಹೋದರು. ನಾನು ಅಲ್ಲಿಯೇ ನಿಂತಿದ್ದೆ. ಲೇಬಲ್ಲು ಅಂಟಿಸಿದವಳು ನಾನು ಎಂದು ಆತನಿಗೆ ಹೇಳಲು ಆಗ ಸಾಧ್ಯವಿತ್ತು.

ಎರಡು ವಾರದ ಮೇಲೆ ನೋಟೀಸು ಬಂತು. ನನಗಲ್ಲ, ಅವರಿಗೆ. ನಿವೃತ್ತಿಗೆ ಇನ್ನು ನಾಲ್ಕು ತಿಂಗಳಿತ್ತು. ಬಾಟಲಿಗಳ ನಿರ್ವಹಣೆ ಅಟೆಂಡರನ ಹೊಣೆಯಾಗಿದ್ದು, ಅದರಲ್ಲಿ ನಿರ್ಲಕ್ಷ್ಯ ತೋರಿದ್ದು ಒಂದನೆಯ ಆರೋಪ. ಎರಡನೆಯದನ್ನು ನಾನು ಅಕ್ಷರಶಃ ನೆನಪಿಟ್ಟಿದ್ದೇನೆ: 'ಗಾಯಗೊಂಡ ವಿದ್ಯಾರ್ಥಿನಿಯನ್ನು ಆಸ್ಪತ್ರೆಗೆ ಸಾಗಿಸುವಲ್ಲಿ ಇಪ್ಪತ್ತು ನಿಮಿಷಗಳ ಕಾಲ ವಿಳಂಬ ಮಾಡಿದ್ದು.'

ಹೆಡ್‌ಮಾಸ್ಟರು ನನ್ನನ್ನು ಕರೆದು, "ನೀವು ಸಣ್ಣವರು, ಕೆಲಸ ಇನ್ನೂ ಕಾಯಂ ಆಗಿಲ್ಲ. ಅವರು ಹೇಗೂ ಹೋಗುವವರು. ಸುಮ್ಮನಿದ್ದುಬಿಡಿ" ಎಂದರು. ಬಹಳ ಪ್ರೀತಿಯಿಂದಲೇ ಹೇಳಿದರು. ನಾನು ಸುಮ್ಮನಿದ್ದೆ. ಸುಮ್ಮನಿರುವುದು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಗಿತ್ತು.

ಆ ನೋಟೀಸು ಹಿಡಿದುಕೊಂಡು ಅವರು ಬಂದದ್ದು ಯಾರ ಹತ್ತಿರ ಅಂತೀರಿ? ನನ್ನ ಹತ್ತಿರವೇ.

"ಟೀಚರ್, ಇದಕ್ಕೆ ಉತ್ತರ ಬರೆದು ಕೊಡಬೇಕಂತೆ. ನನಗೆ ಆಫೀಸಿನ ಭಾಷೆ ಬರುವುದಿಲ್ಲ. ಬಲಗೈಯೂ ಹೀಗುಂಟು. ನೀವು ಬರೆದು ಕೊಡಿ, ನಾನು ಹೇಳುತ್ತೇನೆ."

ಲ್ಯಾಬಿನ ಮೇಜಿನ ಎರಡು ಬದಿಯಲ್ಲಿ ಕೂತೆವು. ಅವರು ಹೇಳಿದರು: "ನಾನು ಎರಡು ದಿನ ಕೇಳಿದ್ದು ಹೌದು. ಗಟ್ಟಿಯಾಗಿ ಕೇಳಲಿಲ್ಲ. ಅದು ನನ್ನ ತಪ್ಪು. ನೀರು ಹಾಕಿದ್ದು ಇಪ್ಪತ್ತು ನಿಮಿಷ. ಅದು ತಪ್ಪಲ್ಲ. ಇನ್ನೊಮ್ಮೆ ಆದರೂ ಇಪ್ಪತ್ತು ನಿಮಿಷವೇ ಹಾಕುತ್ತೇನೆ. ಇಷ್ಟೇ."

ಇಷ್ಟನ್ನು ಬರೆದು, ಕೆಳಗೆ ನಾನಾಗಿಯೇ ಒಂದು ಸಾಲು ಸೇರಿಸಿದೆ: 'ಹಳೆಯ ಲೇಬಲ್ಲುಗಳನ್ನು ತೆಗೆಸಿ ತಪ್ಪಾಗಿ ಹೊಸದನ್ನು ಅಂಟಿಸಿದ್ದು ವಿಜ್ಞಾನ ಶಿಕ್ಷಕಿ.' ಅವರು ಕಾಗದವನ್ನು ಎಡಗೈಯಲ್ಲಿ ಹಿಡಿದು, ಬಾಟಲಿಯ ಲೇಬಲ್ಲು ಓದುವ ಹಾಗೆ ಎರಡೆರಡು ಸಲ ಓದಿದರು. ಕೊನೆಯ ಸಾಲಿನ ಮೇಲೆ ಬೆರಳಿಟ್ಟರು.

"ಇದು ಬೇಡ."

"ಅದು ನಿಜ ಅಲ್ವಾ?"

"ನಿಜವೇ. ಆದರೆ ಇದು ನನ್ನ ಉತ್ತರ. ನಿಮ್ಮದನ್ನು ನೀವು ಬೇರೆ ಕಾಗದದಲ್ಲಿ ಬರೆಯಿರಿ. ಒಂದರಲ್ಲಿ ಎರಡು ಬೆರೆಸುವುದು ಬೇಡ ಟೀಚರ್."

ನನ್ನ ಕಾಗದವನ್ನು ಆ ಸಂಜೆಯೇ ಬರೆದೆ. ಕೊಡಲಿಲ್ಲ. ಅದು ನನ್ನ ಚೀಲದೊಳಗೆ ಬುತ್ತಿಯ ಪಕ್ಕದಲ್ಲಿ ದಿನಾ ಕಾರ್ಕಳದಿಂದ ಕಾಪುವಿಗೆ, ಕಾಪುವಿನಿಂದ ಕಾರ್ಕಳಕ್ಕೆ ಪ್ರಯಾಣ ಮಾಡಿತು. ಒಂದು ಮೂಲೆಗೆ ಸಾರಿನ ಕಲೆಯೂ ಆಯಿತು. ಕೊನೆಗೆ ಆಡಳಿತ ಮಂಡಳಿಯ ಸಭೆಯ ದಿನ, ಅವರನ್ನು ಒಳಗೆ ಕರೆದು ನಿಲ್ಲಿಸಿದ್ದಾರೆ, ಕುರ್ಚಿ ಕೊಟ್ಟಿಲ್ಲ ಎಂದು ಕಿಟಕಿಯಿಂದ ಕಂಡಾಗ ಬಾಗಿಲು ತಳ್ಳಿ ಒಳಗೆ ಹೋಗಿ, ಅದನ್ನು ಸಂಚಾಲಕರ ಮುಂದೆ ಇಟ್ಟೆ. ಅವರು ಓದಿದರು.

"ನೀವು ಮನಸ್ಸಿಗೆ ತುಂಬ ಹಚ್ಚಿಕೊಂಡಿದ್ದೀರಿ ಟೀಚರ್. ಸ್ವಲ್ಪ ರೆಸ್ಟ್ ತೆಗೆದುಕೊಳ್ಳಿ," ಎಂದು ಕಾಗದವನ್ನು ಫೈಲಿನೊಳಗೆ ಹಾಕಿದರು.

ತೀರ್ಪು ಬಂತು. ಟೀಚರಿಗೆ ಬಾಯಿಮಾತಿನ ಎಚ್ಚರಿಕೆ. ಅಟೆಂಡರಿಗೆ ಲಿಖಿತ ಎಚ್ಚರಿಕೆ, ಸೇವಾ ಪುಸ್ತಕದಲ್ಲಿ ದಾಖಲು. ನನಗೆ ಸಿಕ್ಕದ್ದು ಗಾಳಿಯಲ್ಲಿ ಹೋಯಿತು. ಅವರದ್ದು ಅಲ್ಲಿ ಈಗಲೂ ಇದೆ. ಅದಕ್ಕೆ ಮೇಣ ಹಾಕುವ ಅಗತ್ಯವೂ ಬೀಳಲಿಲ್ಲ.

ಬೀಳ್ಕೊಡುಗೆ ಮಾತ್ರ ಭರ್ಜರಿಯಾಗಿ ಆಯಿತು. ಶಾಲು, ಹಣ್ಣಿನ ಬುಟ್ಟಿ, ಫೋಟೋ. ಸಂಚಾಲಕರು 'ಸುರಕ್ಷತೆಯ ಸಾಕಾರಮೂರ್ತಿ' ಎಂದು ಹೊಗಳಿದರು. ಆಮೇಲೆ ಅವರನ್ನು ಕರೆದುಕೊಂಡು ಲ್ಯಾಬ್ ನೋಡಲು ಹೋದರು, ಕೈಯಲ್ಲಿ ಚಹಾದ ಲೋಟ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಸಾರ್, ಚಾ ಒಳಗೆ ಬರುವ ಹಾಗಿಲ್ಲ."

ಹಿಂದೆ ನಿಂತಿದ್ದ ನಮ್ಮ ಅಟೆಂಡರ್ ನೆಲ ನೋಡಿದರು. ತಡೆದ ನಗುವಿಗೆ ಶಾಲಿನ ಒಳಗೆ ಹೊಟ್ಟೆ ಸಣ್ಣಗೆ ಕುಲುಕುತ್ತಿತ್ತು.

ಆ ದಿನ ರೇಣುಕಾಳನ್ನು ವೇದಿಕೆಯಲ್ಲಿ ಎರಡು ಮಾತಾಡು ಎಂದಿದ್ದರು. ಅವಳು ಹೋಗಲಿಲ್ಲ, ಭಯವಾಗುತ್ತದೆ ಎಂದಳು. ಪರದೆಯ ಪಕ್ಕದಲ್ಲಿ ನಿಂತು ತುಟಿ ಅಲ್ಲಾಡಿಸುತ್ತಿದ್ದಳು. ಹತ್ತಿರ ಹೋಗಿ ಕೇಳಿದೆ. ತನ್ನ ಬಾಗಲಕೋಟೆಯ ನಾಲಿಗೆಯಲ್ಲಿ, ತುಳುವಿನಲ್ಲಿ ಎಣಿಸುತ್ತಿದ್ದಳು. ಒಂಜಿ, ರಡ್ಡ್, ಮೂಜಿ. ತುಳುವಿನ ಬೇರೆ ಒಂದು ಶಬ್ದವೂ ಬಾರದು ಅವಳಿಗೆ. ಹೆದರಿಕೆಯಾದಾಗ ಹೀಗೆ ಎಣಿಸಿದರೆ ಸರಿಯಾಗುತ್ತದಂತೆ. ನನಗೆ ಇನ್ನೂ ಸರಿಯಾಗಿಲ್ಲ. ಬಸ್ಸಿನಲ್ಲಿ ನಾನು ಎಷ್ಟು ಎಣಿಸಿದರೂ ಅವಳು ಬಾಟಲಿಗೆ ಎರಡನೆಯ ಕೈ ಕೊಡುವಲ್ಲಿಗೇ ಬಂದು ನಿಲ್ಲುತ್ತೇನೆ.

ಎಲ್ಲರೂ ಹೋದ ಮೇಲೆ ಲ್ಯಾಬಿನ ಬೀಗ ಹಾಕಲು ಹೋದೆ. ಹಲಗೆಯ ಮೇಲೆ ಎಲ್ಲ ಬಾಟಲಿಗಳಿಗೂ ಮೇಣ ಹಾಕಿದ ಹೊಸ ಲೇಬಲ್ಲು, ಕುತ್ತಿಗೆಗೆ ಬಾಳೆನಾರು. ಎಡಗೈಯಲ್ಲಿ ಬರೆದ ಅಕ್ಷರ, ಸ್ವಲ್ಪ ವಾರೆಯಾಗಿತ್ತು. ನಾಲ್ಕು ಬಕೆಟು ತುಂಬಿದ್ದವು. ಮೊಳೆಯಲ್ಲಿ ನನ್ನ ಕೋಟು ಇತ್ತು, ಮೊದಲ ದಿನ ಅವರು ಕೊಟ್ಟ ಅದೇ ದೊಡ್ಡ ಕೋಟು. ಅದರ ಕುತ್ತಿಗೆಯ ಗುಂಡಿಯ ರಂಧ್ರಕ್ಕೆ ಒಂದು ತುಂಡು ನಾರು ಕಟ್ಟಿತ್ತು. ಎರಡು ಗಂಟು, ಬಿಗಿಯಾಗಿ.

ಯಾವಾಗ ಕಟ್ಟಿದರು ಎಂದು ಗೊತ್ತಿಲ್ಲ. ನಾನು ಆ ಕಾಗದ ಕೊಟ್ಟ ಮೇಲೆಯೋ, ಅದಕ್ಕೂ ಮೊದಲೋ? ಅವರ ಮನೆ ಇಲ್ಲೇ, ಲೈಟ್‌ಹೌಸಿನ ದಾರಿಯಲ್ಲಿ. ನಡೆದು ಹೋಗಿ ಕೇಳಬಹುದು. ಕೇಳಿಲ್ಲ. ನಾರು ಒಣಗಿ ಕಂದಾಗಿದೆ. ಕೋಟು ಒಗೆಯುವಾಗಲೂ ಅದನ್ನು ಬಿಚ್ಚಿಲ್ಲ.